ಬೆಳೆದಿದೆ ಸರಿ, ಬಲಿತಿದೆಯಾ?

2024ರ ಮೇ ತಿಂಗಳಲ್ಲಿ ಬೆಳೆಸಾಲ ನವೀಕರಿಸಲು ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಅಂತ ಕೇಳಬೇಡಿ, ಈಗಲೂ ಅಲ್ಲಿಗೇ ಹೋಗಬೇಕು ನಾನು. ಹೊಸದಾಗಿ ಬಂದಿದ್ದ ಹುಡುಗ, ಒಳ್ಳೆಯವನೇ, ಕಂಪ್ಯೂಟರ್ ನೋಡುತ್ತಲೇ ಕೇಳಿದ, "ಸರ್, ನಿಮ್ಮ ತೋಟದ ಗ್ರೋತ್ ಎಷ್ಟು?"

"ಮೂರು ಎಕರೆ" ಅಂದೆ.

"ಅದಲ್ಲ ಸರ್. ಹೋದ ವರ್ಷಕ್ಕಿಂತ ಎಷ್ಟು ಪರ್ಸೆಂಟ್ ಬೆಳೆದಿದೆ ಅಂತ."

ನಮ್ಮ ತೋಟ ಅಜ್ಜನ ಕಾಲದಲ್ಲೂ ಮೂರು ಎಕರೆ, ಈಗಲೂ ಮೂರೇ. ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ. ರೋಬಸ್ಟಾ ಜಾತಿಯ ಕಾಫಿ ಗಿಡ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಒಂದು ಕಡೆ ತೋಡು, ಇನ್ನೊಂದು ಕಡೆ ಪಕ್ಕದವರ ಬೇಲಿ. ಅದು ಎಲ್ಲಿಗೆ ಅಂತ ಬೆಳೆಯಬೇಕು? ಆದರೂ ಆ ಕಾಲಂ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲವಂತೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಹಿಂದಿನ ವರ್ಷ 45 ಚೀಲ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಆಗಿತ್ತು. ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು 36ಕ್ಕೆ ಇಳಿದಿತ್ತು. ಆದರೆ ವಿಯೆಟ್ನಾಂನಲ್ಲಿ ಬರ ಬಂದು ಅಲ್ಲಿಯ ರೋಬಸ್ಟಾ ಕಡಿಮೆಯಾಗಿ, ಇಲ್ಲಿ ಬೆಲೆ ಹಾರಿತ್ತು. ಏಪ್ರಿಲ್‌ವರೆಗೆ ಹಿಡಿದಿಟ್ಟು ಮಾರಿದ್ದಕ್ಕೆ ಚೀಲಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಸಿಕ್ಕಿತ್ತು. ಗುಣಿಸಿ ನೋಡಿದರೆ ಆದಾಯ ಶೇಕಡ 60 ಜಾಸ್ತಿ.

"ಸೂಪರ್ ಸರ್" ಅಂದ ಹುಡುಗ. 60 ಅಂತ ಟೈಪ್ ಮಾಡಿದ.

ಒಂಬತ್ತು ಚೀಲ ಕಾಫಿ ಕಳೆದುಕೊಂಡು, ಶೇಕಡ 60 ಬೆಳೆದವನಾಗಿ ಮನೆಗೆ ಬಂದೆ.

ಅರ್ಥಶಾಸ್ತ್ರದವರಿಗೆ ಈ ಕತೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಜಿಡಿಪಿಯನ್ನು, ಅಂದರೆ ದೇಶದ ಒಟ್ಟು ಉತ್ಪನ್ನವನ್ನು, ಎರಡು ಥರ ಲೆಕ್ಕ ಹಾಕುತ್ತಾರೆ. ಆಯಾ ವರ್ಷದ ಬೆಲೆಯಲ್ಲಿ ಒಂದು, ಯಾವುದೋ ಒಂದು ಮೂಲ ವರ್ಷದ ಬೆಲೆ ಹಿಡಿದು ಇನ್ನೊಂದು. ಎರಡನೆಯ ಲೆಕ್ಕದಲ್ಲಿ ನನ್ನ ಕಾಫಿ ಶೇಕಡ 20 ಕುಗ್ಗಿದೆ. ಅದೇ 36 ಚೀಲ. ಬೆಳೆ, ಬೆಲೆ. ಇರುವುದು ಒಂದೇ ಅಕ್ಷರದ ವ್ಯತ್ಯಾಸ, ಆದರೆ ನಮ್ಮ ಕಡೆ ಮಗಳ ಮದುವೆ, ಮನೆಯ ಹೆಂಚು, ಅಂಗಡಿ ಬಾಕಿ ಎಲ್ಲ ಆ ಒಂದು ಅಕ್ಷರದ ಮೇಲೇ ನಿಂತಿರುವುದು.

ಆ ಮಳೆಗಾಲದಲ್ಲಿ ಕಂಬಚಿಗುರು ತೆಗೆಸುತ್ತಿದ್ದೆ. ಕಾಫಿ ತೋಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಫಿ ಗಿಡದಲ್ಲಿ ಕಾಯಿ ಹಿಡಿಯುವುದು ಅಡ್ಡಕ್ಕೆ ಹೋಗುವ ರೆಂಬೆಗಳಲ್ಲಿ. ಕಂಬಚಿಗುರು ಅಂದರೆ ಕಾಂಡದಿಂದಲೇ ಹುಟ್ಟಿ ನೆಟ್ಟಗೆ ಮೇಲಕ್ಕೆ ಏಳುವ ಚಿಗುರು. ನೋಡಲು ಭಾರಿ ಚೆಂದ. ಕೈಯಗಲದ ಎಲೆ, ಎಣ್ಣೆ ಸವರಿದ ಹಾಗೆ ಹೊಳಪು, ವಾರಕ್ಕೊಮ್ಮೆ ನೋಡಿದರೂ ಉದ್ದ ಆಗಿರುತ್ತದೆ. ಇಡೀ ಗಿಡದಲ್ಲಿ ಅತಿ ಜೋರಾಗಿ ಬೆಳೆಯುತ್ತಿರುವುದು ಅದೇ. ಕಾಯಿ ಮಾತ್ರ ಅದರಲ್ಲಿ ಒಂದೂ ಇಲ್ಲ. ಗೊಬ್ಬರ ಹಾಕಿದ್ದು, ಬೇರು ಎಳೆದದ್ದು ಎಲ್ಲ ಅಲ್ಲಿಗೇ ಹೋಗುತ್ತದೆ.

ತೋಟಕ್ಕೆ ಬರುವ ಅಕ್ಕ ಒಬ್ಬರು ಕತ್ತಿ ಕೂಡ ಇಲ್ಲದೆ, ಎಡಗೈಯಲ್ಲಿ ರೆಂಬೆ ಸರಿಸಿ ಬಲಗೈಯಲ್ಲಿ ಪಟ್ ಪಟ್ ಅಂತ ಮುರಿದು ಹಾಕುತ್ತಿದ್ದರು. ತಲೆಗೆ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಮಳೆ ಟಪಟಪ ಅನ್ನುತ್ತಿತ್ತು. ನಾನು ಸುಮ್ನೆ ಮಾತಿಗೆ ಅಂದೆ, "ಇಷ್ಟು ಚೆನ್ನಾಗಿ ಬೆಳೀತಾ ಇದೆ, ಪಾಪ ಅನಿಸುತ್ತೆ."

ಅವರು ತಲೆ ಎತ್ತಲೇ ಇಲ್ಲ. "ಬಿಡಿ ಅಣ್ಣ, ಬರೋ ವರ್ಷ ಸೊಪ್ಪು ಮಾರಿ ಸಾಲ ಕಟ್ಟಿ."

ಆ ಬ್ಯಾಂಕಿನ ಹುಡುಗನನ್ನು ಒಂದು ದಿನ ತೋಟಕ್ಕೆ ಕರೆದುಕೊಂಡು ಬರಬೇಕಿತ್ತು ಅನಿಸಿತು.

ಕಾಫಿ ಕಾಯಿಯ ಕತೆ ಇನ್ನೂ ಚೆನ್ನಾಗಿದೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ವಾರದ ಮೇಲೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆ ವಾಸನೆಗೆ ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೊ ಹೊಡೆಯುತ್ತಾರೆ. ನಾಲ್ಕು ದಿನಕ್ಕೆ ಹೂವು ಕಂದು. ಆಮೇಲೆ ವಾರಗಟ್ಟಲೆ ಕಾಯಿ ಗುಂಡುಸೂಜಿಯ ತಲೆಯಷ್ಟೇ ಇರುತ್ತದೆ, ಸತ್ತೇ ಹೋಯಿತೇನೋ ಅನ್ನುವ ಹಾಗೆ. ಮಳೆ ಹಿಡಿದ ಮೇಲೆ ಸರಸರ ದಪ್ಪ ಆಗುತ್ತದೆ. ಒಂದು ಹಂತಕ್ಕೆ ನಿಂತೂ ಬಿಡುತ್ತದೆ. ಒಳಗೆ ಬೀಜದ ಸುತ್ತ ಇರುವ ಹೊಟ್ಟು ಗಟ್ಟಿಯಾಗುತ್ತದೆ, ಬೀಜ ಎಷ್ಟು ದೊಡ್ಡದಾಗಬಹುದು ಅನ್ನುವುದು ಅಲ್ಲಿಗೆ ತೀರ್ಮಾನ ಆಯಿತು. ಆಮೇಲಿನ ತಿಂಗಳುಗಳಲ್ಲಿ ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ಹಸಿರು ಕಾಯಿ, ಅದೇ ಅಳತೆ. ಆದರೆ ಕಾಳು ತುಂಬುವುದು ಆಗಲೇ. ಮೊದಲು ನೀರುನೀರಾಗಿದ್ದದ್ದು ಗಟ್ಟಿಯಾಗಿ ತೂಕ ಬರುವುದು ಆಗ. ಆ ಹೊತ್ತಿನಲ್ಲಿ ಗಿಡಕ್ಕೆ ಶಕ್ತಿ ಇಲ್ಲದಿದ್ದರೆ ಕಾಯಿ ಹೊರಗೆ ಗುಂಡಗೆ ಇದ್ದು ಒಳಗೆ ಜೊಳ್ಳು. ಕೊಯ್ದು ನೀರಿಗೆ ಹಾಕಿದಾಗ ಗೊತ್ತಾಗುತ್ತದೆ, ತೇಲುತ್ತದೆ.

ಇದಕ್ಕೆ ನಮ್ಮಲ್ಲಿ ಬೇರೆಯದೇ ಮಾತಿದೆ. ಬಲಿಯುವುದು. ಕಾಯಿ ಬೆಳೆದಿದೆ ಅನ್ನುವುದು ಬೇರೆ, ಬಲಿತಿದೆ ಅನ್ನುವುದು ಬೇರೆ. ಹಲಸಿನಕಾಯಿ ಬಡಿದು ನೋಡುವ ಅಜ್ಜಿಯರನ್ನು ಕೇಳಿ, ಅವರು ಗಾತ್ರ ನೋಡುವುದೇ ಇಲ್ಲ, ಸದ್ದು ಕೇಳುತ್ತಾರೆ. ಹಾಗೆ ನೋಡಿದರೆ ಕನ್ನಡದಲ್ಲಿ ಇನ್ನೂ ಎಷ್ಟಿವೆ! ಗಿಡ ಚಿಗುರುತ್ತದೆ. ಬಳ್ಳಿ ಹಬ್ಬುತ್ತದೆ. ಹಣ್ಣು ಮಾಗುತ್ತದೆ. ಹೋರಿ ಕೊಬ್ಬುತ್ತದೆ. ಉಳುಕಿದ ಕಾಲು ಬಾತುಕೊಳ್ಳುತ್ತದೆ. ಇವೆಲ್ಲದರಲ್ಲೂ ಏನೋ ಒಂದು ಜಾಸ್ತಿ ಆಗಿದೆ, ನಿಜ. ಹಾಗಂತ ಬಾತ ಕಾಲು ನೋಡಿ ಯಾರಾದರೂ "ಅಯ್ಯೋ, ಎಷ್ಟು ಚೆನ್ನಾಗಿ ಬೆಳೆದಿದೆ" ಅನ್ನುತ್ತಾರಾ? ಪೇಪರಿನಲ್ಲಿ, ಟಿವಿಯಲ್ಲಿ, ಭಾಷಣದಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಪದ, ಬೆಳವಣಿಗೆ. ನನ್ನ ತಕರಾರು ಇಷ್ಟೇ.

ಜೀವಶಾಸ್ತ್ರ ಓದಿದ ಅಣ್ಣನ ಮಗಳು ಹೇಳುತ್ತಿದ್ದಳು, ಜೀವಿಗಳಲ್ಲಿ ಬೆಳೆಯುವುದು ಎಷ್ಟು ದೊಡ್ಡ ಕೆಲಸವೋ ನಿಲ್ಲಿಸುವುದೂ ಅಷ್ಟೇ ದೊಡ್ಡ ಕೆಲಸ ಅಂತ. ತಾಯಿಯ ಹೊಟ್ಟೆಯಲ್ಲಿ ಮಗುವಿನ ಕೈ ಮೊದಲು ಬಾತುಕೋಳಿ ಪಾದದ ಹಾಗೆ ಇರುತ್ತದಂತೆ. ಬೆರಳುಗಳ ನಡುವಿನ ಜೀವಕೋಶಗಳು ತಾವಾಗಿ ಸತ್ತ ಮೇಲೆಯೇ ಐದು ಬೆರಳು ಬಿಡಿಬಿಡಿಯಾಗುವುದು. ಹರೆಯ ಮುಗಿಯುವ ಹೊತ್ತಿಗೆ ಎಲುಬಿನ ತುದಿಯ ಬೆಳವಣಿಗೆಯ ಪಟ್ಟಿ ಮುಚ್ಚಿಕೊಳ್ಳುತ್ತದೆ, ಎತ್ತರ ಅಲ್ಲಿಗೆ ಮುಗಿಯಿತು. ಹಾಗಂತ ಮೈ ಸುಮ್ಮನೆ ಕೂತಿದೆಯಾ? ಒಂದೊಂದು ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಹೊಸದಾಗಿ ಹುಟ್ಟುತ್ತವೆ. ಅಷ್ಟೇ ಹಳೆಯವು ಹೋಗುತ್ತವೆ, ಒಂದೊಂದರ ಆಯಸ್ಸು ಸುಮಾರು 120 ದಿನ. ಬ್ಯಾಂಕಿನ ಕಾಲಂನಲ್ಲಿ ಬರೆದರೆ ಗ್ರೋತ್ ಸೊನ್ನೆ.

ನಮ್ಮ ಚಿಕ್ಕಮ್ಮನನ್ನು ಮೈಸೂರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಎರಡು ಸ್ಕ್ಯಾನ್ ಅಕ್ಕಪಕ್ಕ ಇಟ್ಟು, ಪೆನ್ನಿನ ತುದಿಯಿಂದ ತೋರಿಸಿ, "ಆರು ತಿಂಗಳಲ್ಲಿ ಬೆಳೆದಿದೆ" ಅಂದರು. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಕೈಯಲ್ಲಿದ್ದ ಟೋಕನ್ ಚೀಟಿ ಮಡಿಸುತ್ತಲೇ ಇದ್ದರು, ಅದು ಉಗುರಿನಷ್ಟು ಆಗುವವರೆಗೆ. ಗಡ್ಡೆ ಅಂದರೆ ಇನ್ನೇನು, ನಿಲ್ಲುವುದನ್ನು ಮರೆತ ಜೀವಕೋಶ.

ಒಂದು ಲೆಕ್ಕ ನನಗೆ ತುಂಬ ಇಷ್ಟ. ವರ್ಷಕ್ಕೆ ಶೇಕಡ 7ರಂತೆ ಬೆಳೆದರೆ ಯಾವುದೇ ಆಗಲಿ ಸುಮಾರು ಹತ್ತು ವರ್ಷದಲ್ಲಿ ದುಪ್ಪಟ್ಟು. 72ನ್ನು ಬೆಳವಣಿಗೆಯ ದರದಿಂದ ಭಾಗಿಸಿದರೆ ಆಯಿತು, ದುಪ್ಪಟ್ಟಾಗುವ ವರ್ಷ ಸಿಗುತ್ತದೆ. ಶೇಕಡ 7 ಅಂದರೆ ಕೇಳಲು ಸಾಧು ಅಂಕಿ. ಈಗ ಐದು ಅಡಿಯ ಕಾಫಿ ಗಿಡ ಹಾಗೆ ಬೆಳೆಯಲಿ. ಐವತ್ತು ವರ್ಷಕ್ಕೆ 147 ಅಡಿ! ಕೊಯ್ಯಲು ಯಾರು ಬರುತ್ತಾರೆ? ನಮ್ಮಲ್ಲಿ ಅಜ್ಜ ನೆಟ್ಟ ಐವತ್ತು ದಾಟಿದ ರೋಬಸ್ಟಾ ಈಗಲೂ ಇದೆ. ಕೈಗೆ ಸಿಗಲಿ ಅಂತ ತಲೆ ಕತ್ತರಿಸಿ ಐದೂವರೆ ಅಡಿಗೆ ನಿಲ್ಲಿಸಿದ್ದೇವೆ, ಅದು ಬೇರೆ ಮಾತು. ಕತ್ತರಿಸದೆ ಬಿಟ್ಟರೂ ಮೂವತ್ತು ಅಡಿ ಆಸುಪಾಸಿನಲ್ಲಿ ತಾನೇ ನಿಲ್ಲುತ್ತದೆ. ಬಿದಿರಿನದು ಇನ್ನೂ ಮಜಾ. ಮಳೆಗಾಲದಲ್ಲಿ ನಾವು ಪಲ್ಯ ಮಾಡುವ ಕಣಿಲೆ ನೆಲದಿಂದ ಏಳುವಾಗಲೇ ತನ್ನ ಪೂರ್ತಿ ದಪ್ಪಕ್ಕೆ ಏಳುತ್ತದೆ. ಒಂದೇ ಮಳೆಗಾಲದಲ್ಲಿ ಎತ್ತರವೂ ಮುಗಿಯಿತು. ಆದರೆ ಆ ವರ್ಷದ ಬಿದಿರು ಕಡಿದು ಏಣಿ ಮಾಡುವ ಪೆದ್ದ ನಮ್ಮೂರಲ್ಲಿ ಇಲ್ಲ. ಇನ್ನೆರಡು ಮೂರು ವರ್ಷ ಬಲಿಯಬೇಕು.

ಈಗ ನಮ್ಮ ಜಿಲ್ಲೆಗೆ ಬರೋಣ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ತುಂಬಲಿಲ್ಲ. ಆದರೆ ಶನಿವಾರ ಮಡಿಕೇರಿಯ ರಾಜಾಸೀಟ್ ಕಡೆ ಹೋಗಿ ನೋಡಿ, ಬೆಳೆಯದ ಊರು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಗೆಳೆಯನೊಬ್ಬ ಮೈಕ್ ಹಿಡಿದು "ನಮ್ಮ ಕೊಡಗು ಎಷ್ಟು ಬೆಳೆದಿದೆ ನೋಡಿ" ಅಂದ. ಚಪ್ಪಾಳೆ ಬಿತ್ತು, ನಾನೂ ತಟ್ಟಿದೆ. ಅವನು ಹೇಳಿದ್ದು ಹೋಂಸ್ಟೇ, ರೆಸಾರ್ಟ್, ಸೈಟಿನ ರೇಟು. ನಮ್ಮ ಮಕ್ಕಳೆಲ್ಲ ಬೆಂಗಳೂರಿನಲ್ಲಿ, ರಜೆಗೆ ಬಂದರೆ ಅವರೂ ಒಂಥರಾ ಹೋಂಸ್ಟೇ ಗಿರಾಕಿಗಳೇ.

ಜಿಡಿಪಿಯ ಮೊದಲ ಅಕ್ಷರಕ್ಕೆ ಅರ್ಥ 'ಒಟ್ಟು'. ನಿವ್ವಳ ಅಲ್ಲ. ಸವೆದದ್ದನ್ನು, ಕಳೆದದ್ದನ್ನು ಅದರಲ್ಲಿ ಕಳೆಯುವುದಿಲ್ಲ. ಗದ್ದೆಯನ್ನು ಸೈಟು ಮಾಡಿ ಮಾರಿದರೆ ಆ ಮಾರಾಟದ ದುಡ್ಡು ಜಿಡಿಪಿಗೆ ಸೇರುವುದಿಲ್ಲ, ಜಾಗ ಕೈ ಬದಲಾಯಿಸಿತು ಅಷ್ಟೇ. ಆದರೆ ಬ್ರೋಕರ್ ಕಮಿಷನ್ ಸೇರುತ್ತದೆ. ಗುಡ್ಡ ಕಡಿದು ಮಟ್ಟ ಮಾಡಿದ ಜೆಸಿಬಿಯ ಬಾಡಿಗೆ ಸೇರುತ್ತದೆ, ಮೇಲೆ ಎದ್ದ ಕಟ್ಟಡ ಸೇರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವಲ್ಲ, ಆಗ ಮಣ್ಣಿನಡಿ ಹೋದ ಮನೆಗಳನ್ನು ಅದರಲ್ಲಿ ಕಳೆಯಲಿಲ್ಲ. ರಸ್ತೆಯ ಮಣ್ಣು ತೆಗೆದದ್ದು, ತಡೆಗೋಡೆ ಕಟ್ಟಿದ್ದು, ಹೊಸ ಮನೆ ಕಟ್ಟಿಕೊಟ್ಟದ್ದು ಕೂಡಿಕೊಂಡಿತು. ಯಾರದೋ ಕುತಂತ್ರ ಇದು ಅಂತ ನಾನು ಹೇಳುತ್ತಿಲ್ಲ. ಆ ಅಳತೆಗೋಲು ಇರುವುದೇ ಹಾಗೆ. 1934ರಲ್ಲಿ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಲೆಕ್ಕ ಮಾಡಿಕೊಟ್ಟ ಸೈಮನ್ ಕುಜ್ನೆಟ್ಸ್ ಅವರೇ ಆ ವರದಿಯಲ್ಲಿ ಬರೆದಿದ್ದರು, ದೇಶದ ಜನ ಚೆನ್ನಾಗಿದ್ದಾರೋ ಇಲ್ಲವೋ ಅನ್ನುವುದನ್ನು ಈ ಅಂಕಿಯಿಂದ ಹೇಳಲು ಬರುವುದಿಲ್ಲ ಅಂತ. ತಕ್ಕಡಿ ಮಾಡಿದವನೇ ಹೇಳಿದ ಮೇಲೂ ನಾವು ಅದರಲ್ಲಿ ಜ್ವರ ಅಳೆಯುತ್ತಿದ್ದೇವೆ.

ಇಷ್ಟು ಓದಿ "ಇವನಿಗೆ ಹೊಟ್ಟೆ ತುಂಬಿದೆ, ಬೆಳವಣಿಗೆ ಬೇಡ ಅಂತಾನೆ" ಅಂತ ಕಮೆಂಟ್ ಹಾಕುವವರು ಸ್ವಲ್ಪ ತಡೆಯಿರಿ. ಲೈನ್ ಮನೆಯ, ಅಂದರೆ ತೋಟದ ಕೂಲಿಯವರು ಇರುವ ಸಾಲುಮನೆಯ, ಮಕ್ಕಳು ಬರುವ ಅಂಗನವಾಡಿ ನಮ್ಮ ಮನೆಯಿಂದ ಕೂಗಳತೆಯಲ್ಲಿದೆ. ಅಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿ ಚಾರ್ಟಿನಲ್ಲಿ ಚುಕ್ಕಿ ಇಡುತ್ತಾರೆ. ಆ ಗೆರೆ ಮೇಲಕ್ಕೇ ಹೋಗಬೇಕು. ಅಡ್ಡ ಮಲಗಿದರೆ ಟೀಚರ್ ಮುಖ ಸಪ್ಪಗಾಗುತ್ತದೆ. ಆ ಮಗುವಿಗೆ ಯಾರೂ "ಸಾಕು, ಇರುವುದರಲ್ಲೇ ತೃಪ್ತಿಪಡು" ಅಂತ ಹೇಳಬಾರದು. ಲೈನ್ ಮನೆಗೆ ಕಕ್ಕಸು ಬೇಕು, ಕೂಲಿ ಇನ್ನೂ ಏರಬೇಕು. ಮಡಿಕೇರಿಯಲ್ಲಿ 2016ರಲ್ಲಿ ಮೆಡಿಕಲ್ ಕಾಲೇಜು ಆದಾಗ ನಾನು ಖುಷಿಪಟ್ಟವನೇ. ಬೆಳೆಯುವ ವಯಸ್ಸಿನಲ್ಲಿ ಬೆಳೆಯದಿದ್ದರೆ ಅದೂ ಕಾಯಿಲೆಯೇ. ಗುಡ್ಡದ ನೆತ್ತಿಯ ರೆಸಾರ್ಟಿಗೆ ಎರಡನೇ ಈಜುಕೊಳ ಬೇಕಾ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಅಂಕಿಯಲ್ಲಿ ಕಟ್ಟಿ "ಜಿಲ್ಲೆ ಬೆಳೆದಿದೆ" ಅನ್ನುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ.

ಹೋದ ಹುತ್ತರಿಯ ದಿನ, ಅದು ನಮ್ಮ ಕಡೆಯ ಸುಗ್ಗಿ ಹಬ್ಬ, ಮಗ ಮನೆಗೆ ಬಂದಿದ್ದ. ನಮ್ಮ ಗದ್ದೆ ಪಾಳು ಬಿದ್ದು ಹನ್ನೆರಡು ವರ್ಷ ಆಯಿತು. ಆನೆ ಕಾಟ, ಆಳು ಸಿಗುವುದಿಲ್ಲ, ಖರ್ಚು ಗಿಟ್ಟುವುದಿಲ್ಲ, ಎಲ್ಲರದ್ದೂ ಇದೇ ಕಾರಣ. ಅದಕ್ಕೆ ಕದಿರು ಕೊಯ್ಯಲು ಪಕ್ಕದ ಅಣ್ಣನ ಗದ್ದೆಗೆ ಹೋಗುತ್ತೇವೆ. ಆ ಸಲ ನಮ್ಮ ಹಾಗೆ ಬಂದವರೇ ಆರು ಮನೆಯವರು. ಬೆಳದಿಂಗಳು ಹಾಲು ಚೆಲ್ಲಿದ ಹಾಗಿತ್ತು. ಹೊತ್ತು ಸರಿಯಾಗಿ ಕೋವಿ ಹಾರಿತು, ಕುಡುಗೋಲು ಕದಿರಿಗೆ ತಾಗಿತು, ಎಲ್ಲರೂ ಕೂಗಿದೆವು, "ಪೊಲಿ ಪೊಲಿ ದೇವಾ!"

ಮಗ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ ಕೇಳಿದ, "ಅಪ್ಪ, ಪೊಲಿ ಅಂದ್ರೆ?"

"ಹೆಚ್ಚಲಿ ಅಂತ."

"ಏನು ಹೆಚ್ಚಲಿ?"

ನಾನು ಬಾಯಿ ತೆರೆಯುವ ಮೊದಲೇ, ಕದಿರಿನ ಕಟ್ಟು ನನ್ನ ಕೈಗೆ ಕೊಡುತ್ತಾ ಪಕ್ಕದ ಅಣ್ಣ ಮೆಲ್ಲಗೆ ಅಂದರು, "ಬರೋ ವರ್ಷ ನಾನೂ ಬಿತ್ತೋದಿಲ್ಲಪ್ಪ, ಆಗೋದಿಲ್ಲ. ಕದಿರಿಗೆ ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ."