ಗೂಬೆಯ ಬೆನ್ನಿಗೆ ಬೆಸುಗೆ ಬೇಡ

ಪ್ರಾಚೀನ ಗ್ರೀಸಿನ ಬೆಳ್ಳಿ ನಾಣ್ಯಗಳನ್ನು ಸರದ ಡಾಲರ್ ಆಗಿಯೋ ಉಂಗುರದ ಮುಖವಾಗಿಯೋ ಕಟ್ಟಿಸಿದ ಆಭರಣಗಳು ಈಗ ಆನ್‌ಲೈನ್ ಮಾರಾಟದಲ್ಲಿ ನಮ್ಮ ಕಣ್ಣಿಗೂ ಬೀಳುತ್ತಿವೆ. ಎರಡೂವರೆ ಸಾವಿರ ವರ್ಷ ಹಳೆಯದಾದ ಒಂದು ವಸ್ತುವನ್ನು ಮೈಮೇಲೆ ಧರಿಸುವ ಆಸೆಯಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೆ ಆ ಆಸೆಯನ್ನು ಒಳ್ಳೆಯ ಪ್ರತಿಕೃತಿಯೊಂದರಿಂದ ತೀರಿಸಿಕೊಳ್ಳಬೇಕು, ಅಸಲಿ ನಾಣ್ಯ ಅಕ್ಕಸಾಲಿಗನ ಕೈಗೆ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂತಹ ಆಭರಣಗಳಲ್ಲಿ ಹೆಚ್ಚಾಗಿ ಕಾಣುವುದು ಅಥೆನ್ಸ್ ನಗರದ ‘ಗೂಬೆ’, ಅಂದರೆ ನಾಲ್ಕು ಡ್ರಾಕ್ಮಾ (ಆ ಕಾಲದ ಗ್ರೀಕ್ ಹಣದ ಮಾನ) ಬೆಲೆಯ, ಸುಮಾರು 17 ಗ್ರಾಂ ತೂಕದ ದಪ್ಪ ನಾಣ್ಯ. ಅದರ ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿಯ ಮುಖವಿದ್ದರೆ, ಇನ್ನೊಂದು ಬದಿಯಲ್ಲಿ ನಮ್ಮನ್ನೇ ದಿಟ್ಟಿಸುವ ಗೂಬೆ, ಆಲಿವ್ ಚಿಗುರು ಮತ್ತು ನಗರದ ಹೆಸರಿನ ಮೊದಲ ಮೂರು ಅಕ್ಷರಗಳಿವೆ. ಈ ಬೆಳ್ಳಿ ಬಂದದ್ದು ಅಥೆನ್ಸಿನ ದಕ್ಷಿಣಕ್ಕಿರುವ ಲಾರಿಯನ್ ಗಣಿಗಳಿಂದ. ಅಲ್ಲಿ ಗುಲಾಮರು ಇಕ್ಕಟ್ಟಾದ ಸುರಂಗಗಳಲ್ಲಿ ದುಡಿಯುತ್ತಿದ್ದರು. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಸಮೃದ್ಧವಾದ ಅದಿರು ಸಿಕ್ಕಾಗ, ಆ ಹಣವನ್ನು ನಾಗರಿಕರಿಗೆ ಹಂಚುವ ಬದಲು ಯುದ್ಧನೌಕೆ ಕಟ್ಟಲು ಬಳಸಬೇಕೆಂದು ಅಥೆನ್ಸಿನ ನಾಯಕ ಥೆಮಿಸ್ಟೋಕ್ಲಿಸ್ ಜನರನ್ನು ಒಪ್ಪಿಸಿದ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯಾದ ನೌಕಾಬಲವನ್ನು ಸೋಲಿಸುವಲ್ಲಿ ಆ ನೌಕೆಗಳದ್ದೇ ದೊಡ್ಡ ಪಾಲು. ಅದೇ ಶತಮಾನದ ಕೊನೆಯಲ್ಲಿ, ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಎರೆಕ್ಥಿಯಾನ್ ದೇಗುಲದ ಕೆಲಸಗಾರರಿಗೆ ದಿನಕ್ಕೊಂದು ಡ್ರಾಕ್ಮಾ ಕೂಲಿ ಕೊಟ್ಟ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಅಂದರೆ ಒಂದು ಗೂಬೆ ನಾಣ್ಯದಲ್ಲಿ ಕಲ್ಲುಕುಟಿಗನೊಬ್ಬನ ನಾಲ್ಕು ದಿನಗಳ ದುಡಿಮೆಯಿದೆ.

ನಾಣ್ಯಕ್ಕೆ ಚೌಕಟ್ಟು ಕೂರಿಸುವವರು ಮೊದಲು ಮುಚ್ಚುವುದು ಅಂಚನ್ನು. ಅಂಚಿನಲ್ಲಿ ಏನಿದೆ ಎಂದು ಕೇಳುವವರಿಗೆ ಗಾಯಗಳಿವೆ ಎಂದು ಹೇಳಬೇಕು. ಈಜಿಪ್ಟ್ ಮತ್ತು ಪಶ್ಚಿಮ ಏಷ್ಯಾದಲ್ಲಿ ಸಿಕ್ಕ ಎಷ್ಟೋ ಗೂಬೆ ನಾಣ್ಯಗಳ ಮೇಲೆ ಉಳಿಯಿಂದ ಕಡಿದ ಗುರುತುಗಳಿವೆ; ಒಳಗಿರುವುದು ಬೆಳ್ಳಿಯೋ ಬೆಳ್ಳಿಯ ಹೊದಿಕೆ ಹೊತ್ತ ಅಗ್ಗದ ಲೋಹವೋ ಎಂದು ಪರೀಕ್ಷಿಸಲು ವರ್ತಕರು ಹಾಗೆ ಮಾಡುತ್ತಿದ್ದರು. ಅಥೆನ್ಸಿನಲ್ಲಿಯೂ ಕ್ರಿ.ಪೂ. 375ರ ಸುಮಾರಿಗೆ ನಿಕೊಫೋನ್ ಎಂಬಾತ ಮಂಡಿಸಿದ ಕಾನೂನಿನ ಪ್ರಕಾರ, ನಗರದ ಗುಲಾಮನೇ ಆಗಿದ್ದ ನಾಣ್ಯ ಪರೀಕ್ಷಕನೊಬ್ಬ ಸಂತೆಮಾಳದಲ್ಲಿ ಲೇವಾದೇವಿಗಾರರ ಮೇಜುಗಳ ನಡುವೆ ಕುಳಿತಿರಬೇಕಿತ್ತು. ಒಳಗೆ ಕಂಚು ಅಥವಾ ಸೀಸ ಕಂಡುಬಂದರೆ ನಾಣ್ಯವನ್ನು ಅಲ್ಲಿಯೇ ಕಡಿದು ದೇವತೆಗಳ ತಾಯಿ ಎಂದು ಗ್ರೀಕರು ಪೂಜಿಸುತ್ತಿದ್ದ ದೇವಿಯ ಭಂಡಾರಕ್ಕೆ ಸೇರಿಸಬೇಕಿತ್ತು. ಈ ಶಾಸನ 1970ರಲ್ಲಿ ಉತ್ಖನನದಲ್ಲಿ ದೊರೆಯಿತು. ಆಭರಣದ ಕಣ್ಣಿಗೆ ಕುಂದಾಗಿ ಕಾಣುವ ಆ ಕಡಿತವೇ ಚರಿತ್ರೆಯ ಓದುಗನಿಗೆ ನಾಣ್ಯದ ಪ್ರಯಾಣವನ್ನು ತಿಳಿಸುವ ಬರಹ. ಚೌಕಟ್ಟಿನ ಬೆಳ್ಳಿಪಟ್ಟಿ ಅದನ್ನು ಮರೆಮಾಡುತ್ತದೆ. ಹಿಂಬದಿಯ ಗೂಬೆಯಂತೂ ಧರಿಸಿದವರ ಎದೆಗೆ ಮುಖ ಮಾಡಿ ಕುಳಿತುಬಿಡುತ್ತದೆ.

ಇದಕ್ಕಿಂತ ಗಂಭೀರವಾದದ್ದು ಲೋಹದ ವಿಷಯ. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಬೆಳ್ಳಿಯಲ್ಲಿ ಕಣಗಳ ನಡುವಿನ ಗಡಿಗಳು ಸವೆದು, ಹೊರಗೆ ಗಟ್ಟಿಯಾಗಿ ಕಾಣುವ ನಾಣ್ಯ ಒಳಗೆ ಪೆಡಸಾಗಿರಬಹುದು. ಅಂತಹ ನಾಣ್ಯ ಕೈಜಾರಿ ಬಿದ್ದರೆ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೆ ತೂತು ಕೊರೆಯುವುದು, ಕೊಂಡಿ ಕೂರಿಸಲು ಬೆಂಕಿ ತಾಗಿಸುವುದು, ಹೊಳಪಿಗಾಗಿ ಉಜ್ಜುವುದು ಇವೆಲ್ಲವೂ ಮರಳಿ ಸರಿಪಡಿಸಲಾಗದ ಹಾನಿಗಳು. ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಕ್ಯೂಸಿನ ನಾಣ್ಯಗಳಿಗೆ ಅಚ್ಚು ಕೆತ್ತಿದ ಕಿಮೋನ್ ಮತ್ತು ಯುವೈನೆಟಸ್ ತಮ್ಮ ಹೆಸರನ್ನು ಬಹಳ ಸಣ್ಣ ಅಕ್ಷರಗಳಲ್ಲಿ ಅಚ್ಚಿನಲ್ಲಿಯೇ ಕೆತ್ತಿದ್ದರು. ಒಂದೆರಡು ಸಲ ಜೋರಾಗಿ ಉಜ್ಜಿದರೆ ಅಂತಹ ಅಕ್ಷರಗಳು ಉಳಿಯುವುದಿಲ್ಲ.

ನಾಣ್ಯಗಳನ್ನು ಧರಿಸುವುದು ಹೊಸ ಚಟವೇನೂ ಅಲ್ಲ ಎಂಬ ವಾದವನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಏಕೆಂದರೆ ಅದು ನಿಜ. ಕ್ರಿ.ಶ. 4ನೇ ಶತಮಾನದ ಕೊನೆಯಲ್ಲಿ ಆಂಟಿಯೋಕ್ ನಗರದ ಧರ್ಮಬೋಧಕ ಜಾನ್ ಕ್ರಿಸೊಸ್ಟೊಮ್, ಅಲೆಕ್ಸಾಂಡರನ ಕಂಚಿನ ನಾಣ್ಯಗಳನ್ನು ರಕ್ಷೆಯೆಂದು ತಲೆಗೂ ಕಾಲಿಗೂ ಕಟ್ಟಿಕೊಳ್ಳುತ್ತಿದ್ದವರನ್ನು ಗದರಿಸಿದ್ದಾನೆ. ಗ್ರೀಸಿನ ಹಳ್ಳಿಗಳ ಮದುವಣಗಿತ್ತಿಯರು ಎದೆಯ ತುಂಬ ನಾಣ್ಯಗಳ ಸಾಲು ಧರಿಸುತ್ತಿದ್ದರು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಮತ್ತು ಬೈಜಾಂಟಿಯನ್ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ತೂತು ಕೊರೆದವು. ನಮ್ಮ ಕಾಸಿನ ಸರದ ಹಿಂದೆಯೂ ಇದೇ ಆಸೆಯಿದೆ. ಆದರೆ ಅವರು ಧರಿಸಿದ ನಾಣ್ಯಗಳಲ್ಲಿ ಬಹುಪಾಲು ಅವರ ಕಾಲದಲ್ಲಿ ಓಡಾಡುತ್ತಿದ್ದ ಅಥವಾ ಸುಲಭವಾಗಿ ದೊರೆಯುತ್ತಿದ್ದ ಹಣ. ಅವರು ಕೊರೆದ ತೂತು ಇಂದು ಚರಿತ್ರೆಯ ಭಾಗವಾಗಿರುವುದರಿಂದ ಅದನ್ನು ಮುಚ್ಚಬಾರದು ಎಂದೇ ನಾನು ಹೇಳುತ್ತೇನೆ. ನಾವು ಕೊರೆಯುವುದು ಮಾತ್ರ ಇನ್ನೆಂದೂ ಹೊಸದಾಗಿ ಅಚ್ಚಾಗದ ವಸ್ತುವಿನ ಮೇಲೆ. ಗ್ರೀಸಿನ ಎಪಿರಸ್ ಸೀಮೆಯಿಂದ ರೋಮಿಗೆ ಬಂದ ಬೆಳ್ಳಿಗೆಲಸಗಾರ ಸ್ಥಾಪಿಸಿದ ಬುಲ್ಗರಿ ಸಂಸ್ಥೆ 1960ರ ದಶಕದಿಂದ ಪ್ರಾಚೀನ ನಾಣ್ಯಗಳ ಆಭರಣ ಮಾಡುತ್ತಿದ್ದು, ನಾಣ್ಯದ ವಿವರವನ್ನು ಚೌಕಟ್ಟಿನ ಹಿಂದೆ ಕೆತ್ತುತ್ತದೆ. ಅಷ್ಟು ಶ್ರದ್ಧೆಯನ್ನು ನಾನು ಮೆಚ್ಚುತ್ತೇನೆ. ಆದರೆ ಎಲ್ಲ ಅಂಗಡಿಗಳಿಂದ ಅದನ್ನು ನಿರೀಕ್ಷಿಸಲಾಗದು.

ನಾಣ್ಯ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಆಭರಣ ಸುಲಭವಾಗಿ ಅಳಿಸಿಹಾಕುತ್ತದೆ. 1984ರಲ್ಲಿ ಟರ್ಕಿಯ ಎಲ್ಮಾಲಿ ಬಳಿ ಲೋಹಶೋಧಕ ಹಿಡಿದು ಹೊರಟವರಿಗೆ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಅಥೆನ್ಸಿನ ಅತ್ಯಂತ ಅಪರೂಪದ ಹತ್ತು ಡ್ರಾಕ್ಮಾ ನಾಣ್ಯಗಳೂ ಇದ್ದವು. ಕಳ್ಳಸಾಗಣೆಯಾಗಿ ಅಮೆರಿಕ ತಲುಪಿದ ಆ ನಿಧಿಯ ಬಹುಪಾಲು ದೀರ್ಘ ವ್ಯಾಜ್ಯದ ನಂತರ 1999ರಲ್ಲಿ ಟರ್ಕಿಗೆ ಮರಳಿತು. ಆ ನಾಣ್ಯಗಳು ಬಿಡಿಬಿಡಿಯಾಗಿ ಪದಕಗಳಾಗಿ ಮಾರಾಟವಾಗಿದ್ದರೆ ಯಾವ ನ್ಯಾಯಾಲಯವೂ ಅವನ್ನು ಒಟ್ಟುಗೂಡಿಸಲಾಗುತ್ತಿರಲಿಲ್ಲ. ಭಾರತದಲ್ಲಿ ಸಿಗುವ ಮೆನಾಂಡರ್, ಅಪೊಲೊಡೋಟಸ್ ಮೊದಲಾದ ಇಂಡೋ-ಗ್ರೀಕ್ ಅರಸರ ಬೆಳ್ಳಿ ನಾಣ್ಯಗಳಿಗೂ ಇದೇ ಅಪಾಯವಿದೆ. ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಪರವಾನಗಿಯಿಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯಾಗಿ ಹೊರದೇಶಕ್ಕೆ ಕಳುಹಿಸುವಂತೆಯೂ ಇಲ್ಲ.

ಈಗಾಗಲೇ ಇಂತಹ ಪದಕವಿರುವವರು ಗಾಬರಿಯಿಂದ ಚೌಕಟ್ಟನ್ನು ಕಿತ್ತುಹಾಕಬೇಡಿ, ಏಕೆಂದರೆ ಕೀಳುವಾಗಲೇ ಅಂಚು ಒಡೆಯಬಹುದು. ಬೆವರು ಮತ್ತು ಸುಗಂಧದ್ರವ್ಯ ತಾಗದಂತೆ ಅದನ್ನು ಪೆಟ್ಟಿಗೆಯಲ್ಲಿಡಿ, ಪಾಲಿಶ್‌ಗೆ ಕೊಡಬೇಡಿ. ಎರಡೂ ಬದಿಯ ಚಿತ್ರ ತೆಗೆದು, ತೂಕ ಬರೆದು, ಕೊಂಡ ರಸೀದಿಯನ್ನು ಅದರ ಜೊತೆಗೇ ಇಟ್ಟು, ಬಿಡಿಸುವುದೇ ಆದರೆ ಲೋಹ ಸಂರಕ್ಷಣೆ ಬಲ್ಲವರಿಂದ ಮಾತ್ರ ಬಿಡಿಸಿ.