ವಾರ್ಮ್ ಸೌಂಡೂ ಅತ್ತೆಯವರ ದೋಸೆಹಿಟ್ಟೂ

ತೊಂಬತ್ತರ ದಶಕದಲ್ಲಿ ಬೆಳೆದೋರಿಗೆ ಪಿಎಂಪಿಒ ಅಂದ್ರೆ ಗೊತ್ತಿರುತ್ತೆ, ಸೌಂಡಿನ ತಾಕತ್ತು ಇಷ್ಟು ಅಂತ ಕಂಪನಿಯವರು ಉಬ್ಬಿಸಿ ಹೇಳ್ತಿದ್ದ ಲೆಕ್ಕ. ಒಂದೇ ಕೈಲಿ ಎತ್ಕೊಂಡು ಹೋಗೋ ಪ್ಲಾಸ್ಟಿಕ್ ಟೇಪ್‌ರೆಕಾರ್ಡರ್ ಮೇಲೆ ಬೆಳ್ಳಿ ಅಕ್ಷರದಲ್ಲಿ 2000 ವ್ಯಾಟ್ ಪಿಎಂಪಿಒ ಅಂತ ಬರೆದಿರೋರು, ನಾವು ಅದನ್ನ ನಂಬ್ಕೊಂಡು ಪಕ್ಕದ್ಮನೆಯವರ 1500 ವ್ಯಾಟ್ ಡಬ್ಬ ನೋಡಿ ಅಯ್ಯೋ ಪಾಪ ಅಂತಿದ್ವಿ. ಗೋಡೇಲಿರೋ 5 ಆಂಪಿಯರ್ ಸಾಕೆಟ್ಟು 230 ವೋಲ್ಟಲ್ಲಿ ಕೊಡೋದೇ ಹೆಚ್ಚಂದ್ರೆ 1150 ವ್ಯಾಟು, ಮಿಕ್ಕ 850 ಯಾರಪ್ಪನ ಮನೆಯಿಂದ ಬರುತ್ತೆ ಅಂತ ಒಬ್ರೂ ಕೇಳ್ಲಿಲ್ಲ.

ಆ ಸುಳ್ಳಿಗೆ ಈಗ ವಯಸ್ಸಾಯ್ತು. ಈಗ ಅಂಗಡಿಗೆ ಹೋದ್ರೆ ವ್ಯಾಟ್ ಬಗ್ಗೆ ಮಾತೇ ಇಲ್ಲ, ಎಲ್ಲಾ ವಾರ್ಮ್, ಅಂದ್ರೆ ಕಿವಿಗೆ ಚುಚ್ಚದೆ ಹಿತವಾಗಿ ತುಂಬ್ಕೊಳ್ಳೋ ಸೌಂಡಂತೆ. ಇದು ವಾರ್ಮ್ ಸಾರ್, ಅದು ಸ್ವಲ್ಪ ಬ್ರೈಟ್ ಸಾರ್, ಇದು ವಾರ್ಮೇ ಆದ್ರೆ ಡೀಟೇಲ್ ಜಾಸ್ತಿ ಸಾರ್. ವ್ಯಾಟ್ ಆದ್ರೂ ಮೀಟರ್ ಇಟ್ಟು ಅಳೀಬಹುದಿತ್ತು.

ನಂಗೆ ಈ ಉಸಾಬರಿ ಬಂದಿದ್ದು ಮನೇಲಿದ್ದ ಹಳೇ ಆಂಪ್ಲಿಫೈಯರ್‌ನ ಎಡಗಡೆ ಚಾನೆಲ್ ಹೋಗಿದ್ದರಿಂದ. ಮೊದಮೊದಲು ತಲೆ ಮೇಲೆ ಒಂದು ತಟ್ಟಿದ್ರೆ ಬರ್ತಿತ್ತು, ಆಮೇಲೆ ಎರಡು ತಟ್ಟಬೇಕಾಯ್ತು, ಕೊನೆಗೆ ಮಲ್ಲಿಕಾರ್ಜುನ ಮನ್ಸೂರರು ಬಲಗಡೆ ಗೋಡೆ ಮೂಲೇಲಿ ನಿಂತು ಒಬ್ರೇ ಹಾಡ್ತಿದ್ರು, ತಬಲಾದವನು ಎಲ್ಲಿಗೋ ಎದ್ದು ಹೋಗಿದ್ದ. ಎಸ್.ಪಿ. ರೋಡಿನ ರಿಪೇರಿಯವರ ಹತ್ರ ತಗೊಂಡೋದ್ರೆ ಕೆಪಾಸಿಟರ್ ಎಲ್ಲಾ ಒಣಗಿದೆ ಸಾರ್, ಹಾಕ್ಕೊಡ್ತೀನಿ, ಟೈಮ್ ಆಗುತ್ತೆ, ಅಲ್ಲಿವರೆಗೂ ಇದನ್ನ ಇಟ್ಕೊಳಿ ಅಂತ ಅಂಗೈ ಅಗಲದ ಒಂದು ಕ್ಲಾಸ್ ಡಿ ಅನ್ನೋ, ಅಷ್ಟಾಗಿ ಬಿಸಿಯಾಗದ ಥರದ ಆಂಪ್ಲಿಫೈಯರ್ ಬೋರ್ಡ್ ಕೊಟ್ರು. ಮನೇಲಿ ಹಾಕಿದ್ರೆ ಜೋರಾಗೇನೋ ಬರುತ್ತೆ, ಆದ್ರೆ ಅರ್ಧ ಗಂಟೆಗೆ ಕಿವಿ ದಣಿಯುತ್ತೆ. ನನ್ನ ಹೆಂಡ್ತಿ ಅಡುಗೆಮನೆಯಿಂದ, "ರೀ, ಯಾರೋ ಸ್ಟೀಲ್ ತಟ್ಟೆ ಜೋಡಿಸ್ತಾ ಇದ್ದಂಗಿದೆ, ಸ್ವಲ್ಪ ಆರ್ಸ್ತೀರಾ" ಅಂದ್ಲು. ತಂಬೂರಿ ಹಿನ್ನೆಲೆ ಬಿಟ್ರೆ ಬೇರೇನೂ ಇಲ್ಲದ ಆಲಾಪಕ್ಕೆ ಬಂದ ವಿಮರ್ಶೆ ಅದು.

ನಂಗೆ ಬೇಕಾಗಿದ್ದು ದೊಡ್ಡದೇನಲ್ಲ. ರಾತ್ರಿ ಊಟ ಆದ್ಮೇಲೆ ಕಾಲು ಚಾಚ್ಕೊಂಡು, ಮೇಲಿನ ಮನೆಯವರು ಫೋನ್ ಮಾಡದಷ್ಟು ಸಣ್ಣ ವಾಲ್ಯೂಮಲ್ಲಿ, ಧಾರವಾಡದ ಹಳೇ ಗಂಟಲುಗಳನ್ನ ತಲೆನೋವು ಇಲ್ಲದೆ ಕೇಳಬೇಕು, ಅಷ್ಟೇ. ಈ ಸಣ್ಣ ವಾಲ್ಯೂಮೇ ಕಷ್ಟ ನೋಡಿ. ಶಬ್ದ ಕಮ್ಮಿ ಆದಂಗೆ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಬೇಗ ಮಾಯ ಆಗ್ತವೆ, ಇದನ್ನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋ ಅಮೆರಿಕದ ಇಬ್ಬರು 1933ರಲ್ಲೇ ಗ್ರಾಫ್ ಹಾಕಿ ತೋರಿಸಿದ್ರು. ಅದಕ್ಕೇ ಹಳೇ ಆಂಪ್ಲಿಫೈಯರ್‌ಗಳಲ್ಲಿ ಲೌಡ್‌ನೆಸ್ ಅಂತ ಒಂದು ಬಟನ್ ಇರ್ತಿತ್ತು, ಒತ್ತಿದ್ರೆ ಸಣ್ಣ ವಾಲ್ಯೂಮಲ್ಲೂ ಬೇಸ್ ತುಂಬ್ಕೊಳ್ತಿತ್ತು. ಈಗಿನ ದುಬಾರಿ ಆಂಪ್ಲಿಫೈಯರ್‌ಗಳಲ್ಲಿ ಬಟನ್ ಇದ್ರೆ ಶುದ್ಧತೆಗೆ ಮೈಲಿಗೆ ಅಂತೆ, ಬೇಸ್ ಟ್ರೆಬಲ್ ತಿರುಗಣೆ ಕೂಡ ಇರಲ್ಲ ಎಷ್ಟೋದ್ರಲ್ಲಿ. ಹತ್ತು ಪಟ್ಟು ದುಡ್ಡು ಕೊಟ್ರೆ ಎರಡು ತಿರುಗಣೆ ಕಮ್ಮಿ ಕೊಡ್ತಾರೆ.

ಹಳೇದು ಯಾವಾಗ ವಾಪಸ್ ಬರುತ್ತೋ ಅಂತ ಹೊಸದು ನೋಡೋಕೆ ಹೊರಟೆ, ಶೋರೂಮಿಗೆ ನನ್ನ ಜೊತೆ ಬಂದವರು ಇಬ್ಬರು. ಒಬ್ಬ ನನ್ನ ಭಾವಮೈದ, ಆಡಿಯೋ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇಲ್ಲ ಅಂತ ಅವನೇ ಹೇಳ್ತಾನೆ. ಇನ್ನೊಬ್ರು ನಮ್ಮ ಅತ್ತೆ, ರಿಟೈರಾದ ಸಂಗೀತ ಮೇಷ್ಟ್ರು, ಅವರು ಬಂದಿದ್ದು ಹತ್ರದಲ್ಲೇ ಎಲ್ಲೋ ಉದ್ದಿನಬೇಳೆ ಚೆನ್ನಾಗಿ ಸಿಗುತ್ತೆ ಅಂತ. ಸೇಲ್ಸ್ ಹುಡುಗ ನಮ್ಮನ್ನ ಕಾರ್ಪೆಟ್ ಹಾಸಿದ, ದಪ್ಪ ಪರದೆ ಬಿಟ್ಟ ಎಸಿ ರೂಮಲ್ಲಿ ಕೂರ್ಸಿ ಒಂದೇ ಹಾಡನ್ನ ಎರಡು ಆಂಪ್ಲಿಫೈಯರಲ್ಲಿ ಹಾಕಿ ತೋರ್ಸಿದ, ಎರಡನೇದು ಎಂಥಾ ವಾರ್ಮ್, ಎಂಥಾ ಬಾಡಿ, ನಂಗೆ ಜೇಬಿಗೆ ಕೈ ಹೋಗೇಬಿಟ್ಟಿತ್ತು. ಆಗ ಅತ್ತೆ, "ಮಗೂ, ಎರಡನೇದಕ್ಕೆ ವಾಲ್ಯೂಮ್ ಯಾಕಪ್ಪ ಒಂಚೂರು ಜಾಸ್ತಿ ಇಟ್ಟೆ?" ಅಂದ್ರು. ಹುಡುಗ ನಕ್ಕುಬಿಟ್ಟ. ಇದು ಆಡಿಯೋ ವ್ಯಾಪಾರದಲ್ಲಿ ಬಲು ಹಳೇ ಕೈಚಳಕ, ಒಂದು ಡೆಸಿಬೆಲ್ ಜಾಸ್ತಿ ಇದ್ರೆ ಜೋರಾಗಿದೆ ಅನ್ಸಲ್ಲ, ಚೆನ್ನಾಗಿದೆ ಅನ್ಸುತ್ತೆ. ವಾಲ್ಯೂಮ್ ಸರಿಸಮ ಮಾಡಿ ಹಾಕ್ಸಿದ್ರೆ ಯಾವುದು ಯಾವುದು ಅಂತ ನಂಗೂ ಗೊತ್ತಾಗ್ಲಿಲ್ಲ, ಭಾವಮೈದನಿಗೂ ಗೊತ್ತಾಗ್ಲಿಲ್ಲ, ಆದ್ರೆ ಅವನು ಕಣ್ಣು ಮುಚ್ಕೊಂಡು ತಲೆ ಆಡಿಸ್ತಾನೇ ಇದ್ದ.

ಅಲ್ಲೇ ಒಂದು ವಾಲ್ವ್ ಆಂಪ್ಲಿಫೈಯರೂ ಇತ್ತು, ಟ್ರಾನ್ಸಿಸ್ಟರ್ ಬದಲು ಹಳೇ ಕಾಲದ ವಾಲ್ವ್ ಇರೋದು. ನಮ್ಮ ಜಾಲಹಳ್ಳಿ ಬಿಇಎಲ್‌ನವರು ಒಂದು ಕಾಲಕ್ಕೆ ರೇಡಿಯೋ ವಾಲ್ವ್ ಮಾಡ್ತಿದ್ರು, ಆ ಥರದ್ದೇ ಗಾಜಿನ ಬುರುಡೆ, ಒಳಗೆ ಕೆಂಪಗೆ ಉರೀತಾ. ಬೆಲೆ ಲಕ್ಷದ ಮೇಲೆ. ಇದು ಯಾಕೆ ಹಿತವಾಗಿ ಕೇಳ್ಸುತ್ತೆ ಅಂತ ಭಾವಮೈದ ಸೆಕೆಂಡ್ ಹಾರ್ಮಾನಿಕ್ ಡಿಸ್ಟಾರ್ಶನ್ ಅಂತ ಇಂಗ್ಲಿಷಲ್ಲಿ ಶುರು ಮಾಡ್ದ, ಅತ್ತೆಗೆ ಎರಡು ನಿಮಿಷ ಬೇಕಾಯ್ತು, ಆಮೇಲೆ ಅವರೇ ನಮಗೆ ಪಾಠ ಮಾಡಿದ್ರು. ಷಡ್ಜ ಕಳ್ಸಿದ್ರೆ ಈ ಡಬ್ಬಿ ತನ್ನ ಕಡೆಯಿಂದ ಒಂಚೂರು ಮೇಲಿನ ಷಡ್ಜ ಸೇರ್ಸಿ ಕಳ್ಸುತ್ತೆ, ಅಷ್ಟೇ ತಾನೇ? ಎರಡನೇ ಹಾರ್ಮಾನಿಕ್, ಅಂದ್ರೆ ಮೂಲ ಸ್ವರದ ಎರಡರಷ್ಟು ಕಂಪನ ಇರೋದು, ಮೇಲಿನ ಸ, ಮೂರನೇದು ಅದರ ಮೇಲಿನ ಪ, ಐದನೇದು ಗಾಂಧಾರ, ಅದಕ್ಕೇ ತಂಬೂರಿ ಮೀಟಿದ್ರೆ ಯಾರೂ ಮೀಟದ ಗಾಂಧಾರ ತಾನಾಗೇ ಕೇಳ್ಸೋದು. ಏಳನೇದು ಮಾತ್ರ ಯಾವ ಸ್ವರದ ಮನೇಲೂ ಸರಿಯಾಗಿ ಕೂರಲ್ಲ. ಅಂದ್ರೆ ಕಲಬೆರಕೆ ಎಲ್ಲಾ ಆಂಪ್ಲಿಫೈಯರಲ್ಲೂ ಇರುತ್ತೆ, ಇದರದ್ದು ಶ್ರುತಿಗೆ ಸೇರೋ ಕಲಬೆರಕೆ. "ಅದೂ ಒಂದೇ ವಾಲ್ವ್ ದುಡಿಯೋ ಸಿಂಗಲ್ ಎಂಡೆಡ್ ಥರದ್ದರಲ್ಲಿ ಜಾಸ್ತಿ, ಜೋಡಿ ವಾಲ್ವ್ ಆದ್ರೆ ಹಂಗೆ ಸೇರ್ಕೊಂಡ ಸ-ಗಳು ಒಂದಕ್ಕೊಂದು ಕತ್ತರಿಸ್ಕೊಳ್ತವೆ" ಅಂತ ಭಾವಮೈದ ಸೇರ್ಸಿದ. ಅದು ನಿಜಾನೇ, ಅವನು ಹೇಳೋದೆಲ್ಲ ಸುಳ್ಳಲ್ಲ. ಹಾಗಾದ್ರೆ ಲಕ್ಷ ಯಾಕೆ ಕೊಡ್ತೀರಿ, ನಾನೇ ಪಕ್ಕದಲ್ಲಿ ಕೂತು ತಂಬೂರಿ ಹಾಕ್ತೀನಿ ಅಂದ್ರು ಅತ್ತೆ. ಉದ್ದಿನಬೇಳೆ ತಗೊಂಡು ಮನೆಗೆ ಬಂದ್ವಿ.

ಕೊನೆಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಮಲ್ಲೇಶ್ವರದ ಕಡೆ ಒಬ್ರು ರಿಟೈರ್ಡ್ ಇಂಜಿನಿಯರು ಮಗಳ ಮನೆಗೆ ಹೋಗೋರಿದ್ರು, ಅವರ ಹತ್ರ ಒಂದು ಕ್ಲಾಸ್ ಎ ಆಂಪ್ಲಿಫೈಯರ್ ಇತ್ತು, ಚಾನೆಲ್ಲಿಗೆ ಬರೀ 25 ವ್ಯಾಟು. ಅಷ್ಟು ಸಾಕಾ ಅಂತ ಕೇಳ್ಬೇಡಿ, ಸಾಕಾಗಿ ಮಿಗುತ್ತೆ, 1978ರಲ್ಲಿ ಬಂದ ಎನ್‌ಎಡಿ 3020 ಅನ್ನೋ ಆಂಪ್ಲಿಫೈಯರ್ ಬರೀ 20 ವ್ಯಾಟ್ ಹೇಳ್ಕೊಂಡೇ ಲೋಕಪ್ರಸಿದ್ಧ ಆಯ್ತು. ವ್ಯಾಟ್ ಡಬಲ್ ಮಾಡಿದ್ರೆ ಸಿಗೋದು ಮೂರೇ ಡೆಸಿಬೆಲ್, ನಾವು ಮನೇಲಿ ಸಣ್ಣಗೆ ಕೇಳೋವಾಗ ಒಂದು ವ್ಯಾಟೂ ಪೂರ್ತಿ ಖರ್ಚಾಗಲ್ಲ. ಕ್ಲಾಸ್ ಎ-ದು ಕಥೆಯೇ ಬೇರೆ, ಹಾಡಿದ್ರೂ ಸುಮ್ನಿದ್ರೂ ಅದು ಅಷ್ಟೇ ಕರೆಂಟ್ ತಿನ್ನುತ್ತೆ, ನಮ್ಮದು ನೂರೈವತ್ತು ವ್ಯಾಟ್ ಹತ್ರ ತಿಂದು ಬಹುಪಾಲನ್ನ ಪಕ್ಕದ ಹೀಟ್‌ಸಿಂಕ್ ರೆಕ್ಕೆಗಳಲ್ಲಿ ಬಿಸಿ ಮಾಡಿ ಬಿಡುತ್ತೆ. ಅದನ್ನ ಹೊತ್ತು ತರೋ ದಿನಾನೇ ಲಿಫ್ಟ್ ಕೆಟ್ಟಿತ್ತು ಅಂತ ಬೇರೆ ಹೇಳ್ಬೇಕಿಲ್ಲ ಅನ್ಸುತ್ತೆ. ಭಾವಮೈದ ಒಂದು ಕೈಲಿ ಆಂಪ್ಲಿಫೈಯರ್ ಮುಟ್ಕೊಂಡು, ಇನ್ನೊಂದು ಕೈಲಿ ತಾನು ಉಡುಗೊರೆ ಅಂತ ತಂದಿದ್ದ ಬೆರಳುದಪ್ಪದ ಸ್ಪೀಕರ್ ಕೇಬಲ್ ಪ್ಯಾಕೆಟ್ ಹಿಡ್ಕೊಂಡು, "ಭಾವ, ಹುಷಾರು, ಮೆಟ್ಟಿಲು" ಅಂತ ಹೇಳ್ತಾ ಮೇಲೆ ಬಂದ. ಹೋಗೋವಾಗ ಇನ್ನೊಂದು ಮಾತು ಹೇಳಿಹೋದ, ಇಂಥಾ ಆಂಪ್ಲಿಫೈಯರ್‌ನ ಆಫ್ ಮಾಡ್ಲೇಬಾರದು, ಬಿಸಿ ಆಗಿದ್ರೇನೇ ಸೌಂಡ್ ಅರಳೋದು ಅಂತ.

ಅದನ್ನ ಅತ್ತೆ ಕೇಳಿಸ್ಕೊಂಡಿದ್ರು.

ಡಿಸೆಂಬರ್ ತಿಂಗಳು, ಬೆಂಗಳೂರಿನ ಚಳಿ, ದೋಸೆಹಿಟ್ಟು ಹುಳಿ ಬರಲ್ಲ. ಅತ್ತೆ ಒಂದು ವಾರದಿಂದ ಪಾತ್ರೆಗೆ ಟವೆಲ್ ಸುತ್ತಿ, ಗ್ಯಾಸ್ ಕಟ್ಟೆ ಮೇಲೆ, ಯುಪಿಎಸ್ ಹತ್ರ, ಎಲ್ಲಾ ಕಡೆ ಇಟ್ಟು ನೋಡಿ ಸೋತಿದ್ರು. ಹಾಲ್‌ನಲ್ಲಿ ರಾತ್ರಿಯಿಡೀ ಹದವಾಗಿ ಬೆಚ್ಚಗಿರೋ, ಮೇಲೆ ಸಮತಟ್ಟಾಗಿರೋ, ಯಾವತ್ತೂ ಆಫ್ ಮಾಡಬಾರದು ಅಂತ ಸ್ವಂತ ಮಗನೇ ಅಪ್ಪಣೆ ಕೊಡಿಸಿರೋ ಒಂದು ಪೆಟ್ಟಿಗೆ ಬಂದಿದೆ. ನೀವಾಗಿದ್ರೆ ಏನ್ ಮಾಡ್ತಿದ್ರಿ? ಶನಿವಾರ ರಾತ್ರಿ ನಾವು ಮಲಗಿದ್ಮೇಲೆ ಪಾತ್ರೆ ಬಂದು ಆಂಪ್ಲಿಫೈಯರ್ ಮೇಲೆ ಕೂತ್ಕೊಂಡಿದೆ, ಗಾಳಿ ಆಡೋ ಜಾಲರಿ ಅರ್ಧ ಮುಚ್ಚಿದೆ, ಕೆಳಗಿನ ಬಿಸಿ ಇನ್ನೂ ಏರಿದೆ, ಹಿಟ್ಟು ಉಬ್ಬಿದೆ, ಉಬ್ಬಿ ತಟ್ಟೆ ಎತ್ತಿದೆ, ಎತ್ತಿ ಇಳಿದಿದೆ. ಬೆಳಿಗ್ಗೆ ನೋಡಿದ್ರೆ ಜಾಲರಿ ತುಂಬಾ ಬೆಳ್ಳಗೆ, ಅಂಚಲ್ಲಿ ಕೆಂಪಗೆ ಬೆಂದಿದೆ ಬೇರೆ, ಮನೆಯೆಲ್ಲಾ ದೋಸೆ ವಾಸನೆ, ಆಂಪ್ಲಿಫೈಯರ್ ಲೈಟ್ ಆರಿದೆ. ಒಳಗಿದ್ದ ಥರ್ಮಲ್ ಸ್ವಿಚ್ ತನ್ನ ಕೆಲಸ ತಾನು ಮಾಡಿ ಆಫ್ ಮಾಡ್ಕೊಂಡಿತ್ತು, ಇಲ್ದಿದ್ರೆ ಟ್ರಾನ್ಸಿಸ್ಟರ್‌ಗಳು ಹೋಗಿರೋವು. ಅತ್ತೆಗೆ ಬೇಜಾರಾಗಿದ್ದು ನಿಜ, ಆದ್ರೆ ಪಾತ್ರೇಲಿ ಉಳಿದಿದ್ದ ಹಿಟ್ಟನ್ನ ಸೌಟಲ್ಲಿ ಎತ್ತಿ ನೋಡಿ, "ಅಳಿಯಂದ್ರೇ, ಬೇಸಿಗೇಲೂ ಹಿಂಗೆ ಬಂದಿರ್ಲಿಲ್ಲ" ಅಂದ್ರು.

ಎಸ್.ಪಿ. ರೋಡಲ್ಲಿ ರಿಪೇರಿಯವರು ಮುಚ್ಚಳ ಬಿಚ್ಚಿ ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಸ್ಕ್ರೂಡ್ರೈವರ್ ತುದೀಲಿ ಒಂದು ಚೂರು ಕೆತ್ತಿ ಮೂಗಿನ ಹತ್ರ ಹಿಡಿದು ನೋಡಿದ್ರು. ಜಿರಳೆ ನೋಡಿದೀನಿ, ಹಲ್ಲಿ ಸಿಕ್ಕಿ ಶಾರ್ಟ್ ಆಗಿದ್ದು ನೋಡಿದೀನಿ, ಮಕ್ಕಳು ಹಾಕಿದ ನಾಣ್ಯ ಅಂತೂ ಲೆಕ್ಕವೇ ಇಲ್ಲ, ಇದು ಮಾತ್ರ ಫಸ್ಟ್ ಟೈಮ್ ಸಾರ್ ಅಂದ್ರು. ಅಕ್ಕಪಕ್ಕದ ಅಂಗಡಿಯವರನ್ನೂ ಕರೆದು ತೋರ್ಸಿದ್ರು, ಅವರಲ್ಲೊಬ್ರು ಉದ್ದು ಸ್ವಲ್ಪ ಜಾಸ್ತಿ ಆಗಿದೆ ಅಂತ ಅಭಿಪ್ರಾಯ ಕೊಟ್ರು. ಬೋರ್ಡನ್ನ ಬ್ರಷ್ ಹಾಕಿ ಐಪಿಎ ಅನ್ನೋ ಆಲ್ಕೋಹಾಲ್ ದ್ರಾವಣದಲ್ಲಿ ತೊಳೀಬೇಕು, ಒಣಗ್ಸಬೇಕು, ಬಿಟ್ಹೋಗಿ ಅಂದ್ರು. ಸುತ್ತ ನಾಲ್ಕು ಬೆರಳು, ಮೇಲೆ ಒಂದು ಗೇಣು ಜಾಗ ಬಿಡ್ಬೇಕು, ರಾತ್ರಿ ಆಫ್ ಮಾಡ್ಬೇಕು ಅಂತಾನೂ ಹೇಳಿದ್ರು. ಅಂಗಡಿಯವರು, ಭಾವಮೈದ ಎಲ್ಲಾ ಹೇಳಿದ ಸಾವಿರ ಮಾತಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ.

ಹಾಗಾಗಿ ಮತ್ತೆ ಆ ಅಂಗೈ ಅಗಲದ ಬೋರ್ಡೇ ಗತಿ ಆಯ್ತು. ಅಷ್ಟರಲ್ಲಿ ಮನೇಲಿ ನಾಮಕರಣ ಬಂತು, ನಾದಿನಿ ಮಗೂದು. ಊರಿಂದ ಬಂದೋರೆಲ್ಲ ಹಾಲಲ್ಲೇ ಮಲಗಿದ್ರು, ಹಾಸಿಗೆ, ರಜಾಯಿ, ಗೋಡೆಗೆ ಒರಗಿಸಿದ ದಿಂಬು, ನೆಲದ ತುಂಬ ಚಿಕ್ಕಪ್ಪ ತಂದಿದ್ದ ನವಲಗುಂದದ ಜಮಖಾನ. ರಾತ್ರಿ ಯಾರೋ ಒಂದು ಹಾಡು ಹಾಕ್ರೋ ಅಂದ್ರು, ಹಾಕ್ದೆ. ಅದೇ ಬೋರ್ಡು, ಅದೇ ಸ್ಪೀಕರ್ರು, ಸ್ಟೀಲ್ ತಟ್ಟೆ ಎಲ್ಲೂ ಇಲ್ಲ. ಮನ್ಸೂರರು ಕಟಕಟ ಅನ್ನದೆ ಎದುರಿಗೇ ಕೂತು ಹಾಡ್ತಿದಾರೆ. ನನ್ನ ಹೆಂಡ್ತಿ ಅಡುಗೆಮನೆಯಿಂದ ಬಂದು ಏನನ್ನೂ ಆರ್ಸಿ ಅನ್ನದೆ ಕೂತ್ಕೊಂಡ್ಲು.

ನೆಂಟರೆಲ್ಲ ಹೋದ್ಮೇಲೆ ಖಾಲಿ ಹಾಲಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡ್ದೆ, ಟರ್ರ್ ಅಂತ ಗೋಡೆಯಿಂದ ಗೋಡೆಗೆ ಓಡಾಡ್ತು. ನಮ್ಮ ಫ್ಲಾಟುಗಳೆಲ್ಲ ಹಿಂಗೇ, ಕೆಳಗೆ ವಿಟ್ರಿಫೈಡ್ ಟೈಲ್ಸು, ಒಂದು ಕಡೆ ಗಾಜಿನ ಬಾಗಿಲು, ಮೂರು ಕಡೆ ಬರೀ ಗೋಡೆ, ಮೇಲಿನ ಸ್ವರಗಳನ್ನ ಹೀರ್ಕೊಳ್ಳೋಕೆ ಒಂದು ಚಿಂದಿ ಬಟ್ಟೆ ಇಲ್ಲ. ಈ ಹಾಲಿಗೆ ಲಕ್ಷದ ವಾಲ್ವ್ ತಂದಿಟ್ಟಿದ್ರೂ ತಟ್ಟೆ ಸದ್ದೇ ಬರ್ತಿತ್ತು, ಆಂಪ್ಲಿಫೈಯರ್‌ಗಳ ನಡುವೆ ಇರೋ ವ್ಯತ್ಯಾಸ ಇದರ ಮುಂದೆ ಎಷ್ಟು ಮಹಾ. ಶೋರೂಮಲ್ಲಿ ಹಾಸಿದ್ದ ಕಾರ್ಪೆಟ್ಟು ಮಾತ್ರ ಮಾರಾಟಕ್ಕಿರ್ಲಿಲ್ಲ ನೋಡಿ. ಜಮಖಾನ ತೆಳ್ಳಗಿನ ಹತ್ತಿದು, ಅದು ತಡೆಯೋದು ಮೇಲಿನ ಚುರುಕು ಸದ್ದನ್ನ ಮಾತ್ರ, ಕೆಳಗಿನ ಗುಂಯ್‌ಗೆ ದಪ್ಪ ಹಾಸಿಗೆಯಂಥದ್ದು ಬೇಕು. ಅದಕ್ಕೇ ಜಮಖಾನ ವಾಪಸ್ ಕೊಡ್ಲಿಲ್ಲ, ಎರಡು ಹಾಸಿಗೆ ಸೋಫಾ ಹಿಂದೆ ನಿಲ್ಸಿದೆ, ಗಾಜಿಗೆ ದಪ್ಪ ಪರದೆ ಹಾಕ್ಸಿದೆ. ಹಾಲ್ ಛತ್ರದ ಉಗ್ರಾಣ ಆಗಿದೆ ಅಂತ ನನ್ನ ಹೆಂಡ್ತಿ ಬೈದ್ಲು, ಆದ್ರೂ ತೆಗೆಸ್ಲಿಲ್ಲ.

ಕ್ಲಾಸ್ ಎ ತೊಳೆಸ್ಕೊಂಡು ವಾಪಸ್ ಬಂತು, ಈಗ ಅದರ ಮೇಲೆ ಒಂದು ಗೇಣು ಬಿಟ್ಟು ಮರದ ಸ್ಟ್ಯಾಂಡ್ ಇದೆ, ಸ್ಟ್ಯಾಂಡ್ ಮೇಲೆ ಶನಿವಾರ ಅತ್ತೆ ಪಾತ್ರೆ ಇರುತ್ತೆ, ಅರ್ಧ ಮಾತ್ರ ತುಂಬಿರುತ್ತೆ, ಮಲಗೋವಾಗ ಸ್ವಿಚ್ ಆಫ್. ಅಷ್ಟು ಬಿಸಿಯೇ ಸಾಕಂತೆ.

ಮೊನ್ನೆ ಭಾವಮೈದ ಕೇಳೋಕೆ ಅಂತಾನೇ ಬಂದ. ಕಣ್ಣು ಮುಚ್ಕೊಂಡ, ತಲೆ ಆಡ್ಸಿದ, ಒಂದು ರಾಗ ಪೂರ್ತಿ ಕೂತು ಕೇಳ್ದ. ಆಮೇಲೆ, "ನೋಡಿದ್ರಾ ಭಾವ, ನಾನು ಹೇಳ್ಲಿಲ್ವಾ? ಅದೇ ಆಂಪ್ಲಿಫೈಯರ್, ಕೇಬಲ್ ಒಂದು ಬದಲಾಗಿದ್ದಕ್ಕೆ ಎಷ್ಟು ವಾರ್ಮ್ ಆಗಿದೆ!" ಅಂದ. ಕೇಬಲ್ ಪ್ಯಾಕೆಟ್ ಅವನು ಆಗಷ್ಟೇ ಶೂ ಬಿಚ್ಚಿಟ್ಟು ಬಂದ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಖಾನೇಲಿ, ಸೀಲ್ ಒಡೆಯದೆ ಇತ್ತು. ನನ್ನ ಹೆಂಡ್ತಿ ನನ್ನ ಕಾಲು ತುಳಿದ್ಲು.

"ಮುಂದಿನ ಸಲ ಪವರ್ ಕೇಬಲ್ಲೂ ತರ್ತೀನಿ" ಅಂದ ಅವನು.

ಅತ್ತೆ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, "ತಾರೋ, ಅದರ ಜೊತೆ ಒಂದು ಜಮಖಾನಾನೂ ತಾ" ಅಂದ್ರು.