ಎಡಗೈಲಿ ಮುರಿದ ಮುದ್ದೆ

ಹೋದ ವಾರ ಮಂಡ್ಯದಲ್ಲಿ ನೆಂಟರ ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಸೋದರತ್ತೆ ಕೇಳಿದರು: "ಐಸಿಯು ಬಿಟ್ಟು ಅದ್ಯಾವ್ದೋ ವಾರ್ಡಿಗೆ ಹೋದ್ಯಂತೆ? ಅಲ್ಲೇನವ್ವ ಕೆಲ್ಸ, ಮೈ ಒರ್ಸೋದಾ?" ಊಟದ ಹೊತ್ತು, ಸುಮ್ಮನಾದೆ. ಇಲ್ಲಿ ಹೇಳ್ತೀನಿ.

ನಾನು ನರ್ಸ್. ಇರೋದು ಮೈಸೂರಲ್ಲಿ, ಪುನಶ್ಚೇತನ ವಾರ್ಡಿನಲ್ಲಿ, ಅಂದ್ರೆ ಸೋತ ಮೈಗೆ ದಿನದ ಕೆಲಸ ಮತ್ತೆ ಕಲಿಸೋ ಕಡೆ. ಲಕ್ವ ಹೊಡೆದವರು, ತೆಂಗಿನಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಬರ್ತಾರೆ. ಹೌದು, ಮೈ ಒರೆಸ್ತೀವಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸ್ತೀವಿ. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರಿಗೆ ಹುಣ್ಣಾದರೂ ತಿಳಿಯಲ್ಲ. ಮೂತ್ರ ತಾನಾಗಿ ಹೋಗದವರಿಗೆ 4-6 ಗಂಟೆಗೊಮ್ಮೆ ತಾವೇ ನಳಿಕೆ ಹಾಕಿ ತೆಗೆಯೋದು ಕಲಿಸ್ತೀವಿ. ಮೊದಲ ದಿನ ಗೋಡೆ ಕಡೆ ಮುಖ ತಿರುಗಿಸಿದ್ದ ಹುಡುಗನೇ ತಿಂಗಳಾದ ಮೇಲೆ "ಇನ್ನು ಬಸ್ಸಲ್ಲೂ ಹೋಗ್ಬೋದು ಅಲ್ವಾ ಸಿಸ್ಟರ್" ಅಂತಾನೆ.

ಶ್ರೀರಂಗಪಟ್ಟಣ ಕಡೆಯ ಯಜಮಾನರೊಬ್ಬರಿದ್ದರು. ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಸರಿಯಾಗಿ ನುಂಗೋಕೂ ಆಗ್ತಿರಲಿಲ್ಲ. ಮನೆಯವರು "ಬರೀ ನೀರು ತಾನೇ" ಅಂತ ಕದ್ದು ಕುಡಿಸೋಕೆ ಬಂದರು. ಆ ನೀರೇ ಅಪಾಯ. ತೆಳ್ಳಗಿದ್ದಷ್ಟೂ ಬೇಗ ಜಾರಿ ಶ್ವಾಸನಾಳಕ್ಕೆ ಇಳಿಯುತ್ತೆ, ನ್ಯುಮೋನಿಯಾ ತರುತ್ತೆ. ನೆಟ್ಟಗೆ ಕೂರಿಸಿ, ಗಲ್ಲ ತಗ್ಗಿಸಿ, ಚಮಚ ಚಮಚವಾಗಿ ಗಟ್ಟಿ ಗಂಜಿಯಿಂದ ಶುರು ಮಾಡಿದ್ವಿ. 7ನೇ ವಾರ ಎಡಗೈಲಿ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದಿದರು. "ಎಡಗೈಲಿ ಉಣ್ಣೋದಾ!" ಅಂತ ಹೆಂಡತಿ ತುತ್ತಿಡೋಕೆ ಮುಂದಾದರು. ಆ ಅಮ್ಮನ ಕೈ ಹಿಡಿದು ನಿಲ್ಲಿಸಿದೆ. ಮುದ್ದೆ ಇಳೀತು. ಯಜಮಾನರು ಅತ್ತರು, ನಾವೂ ಅತ್ವಿ.

ಐಸಿಯುನಲ್ಲಿ ಎಲ್ಲವನ್ನೂ ನಾನೇ ಮಾಡ್ತಿದ್ದೆ. ಇಲ್ಲಿ ಅವರು ಮಾಡೋ ತನಕ ಕಾಯಬೇಕು. ಒಂದು ಗುಂಡಿ ಹಾಕೋಕೆ 10 ನಿಮಿಷ. ಕನಿಕರದಿಂದ ನಾವೇ ಹಾಕಿಬಿಟ್ಟರೆ ಆ ಕೈ ಕಲಿಯೋದು ಯಾವಾಗ? ನನಗೆ ಇದೇ ಹೆಚ್ಚು ಕಷ್ಟದ ನರ್ಸಿಂಗ್.

ಹಿಂದೆ ಇದ್ದ ಒಂದು ಆಸ್ಪತ್ರೆಯಲ್ಲಿ "ಆ ವಾರ್ಡಲ್ಲಿ ಎಮರ್ಜೆನ್ಸಿ ಇರಲ್ಲ" ಅಂತ ರಾತ್ರಿ ಪಾಳಿಗೆ ಒಬ್ಬರನ್ನೇ ಹಾಕ್ತಿದ್ದರು. ಕುತ್ತಿಗೆ ಹತ್ತಿರ ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರ ಕಟ್ಟಿದರೂ ಸಾಕು, ಬಿಪಿ ಏಕಾಏಕಿ ಏರಿ ಪ್ರಾಣಕ್ಕೇ ಬರುತ್ತೆ. ಇದನ್ನು ಗುರುತಿಸೋ ನರ್ಸ್ ತಾಲ್ಲೂಕು ಆಸ್ಪತ್ರೆಗಳಲ್ಲೂ ಬೇಕು, ಸಂಬಳವೂ ಅದಕ್ಕೆ ತಕ್ಕಂತಿರಬೇಕು. ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮುಗಿಸಿರೋ ಹುಡುಗೀರು ಬರೀ ಐಸಿಯು ಅನ್ನಬೇಡಿ, ಈ ಕಡೆಗೂ ಬನ್ನಿ.

ಅತ್ತೆ, ನೀವೂ ಒಂದಿನ ಬೆಳಿಗ್ಗೆ ಬನ್ನಿ, ಅಂಗಿ ಹಾಕಿಕೊಳ್ಳೋ ಹೊತ್ತಿಗೆ. ಮೊದಲು ಸೋತ ಕೈ ತೋಳಿಗೆ ಹೋಗುತ್ತೆ, ಆಮೇಲೆ ಗಟ್ಟಿ ಕೈ.